ಗಿಡದ ಹಾಜರಿ

"ಹೊರಗಾಗೀನಿ ಅಂತ ಬಾಯಿಲೆ ಅಂದ್ರ ಆಯ್ತೇನ್ಲೇ ರಂಡಿ? ಸಬೂತು ತೋರ್ಸು!"

ಕೆಲಸ ಮಾಡಿಸುವ ಮುಕಾದಮ ಗೋರಖನಾಥ ಹೀಗೆಂದದ್ದು ಭಾಲ್ಕಿಯ ಬೇಳೆ ಮಿಲ್ಲಿನ ನಟ್ಟನಡುವೆ, ಆಡುತ್ತಿದ್ದ ಜರಡಿಯ ಸದ್ದನ್ನೂ ಮೀರಿದ ಗಂಟಲಿನಲ್ಲಿ. ಸುಭದ್ರಾಬಾಯಿಯ ಮುಂದೆ ತೊಗರಿಬೇಳೆಯ ಗುಡ್ಡೆ ಇತ್ತು, ಕೈಯಲ್ಲಿ ಮೊರ ಇತ್ತು, ಟೊಂಕದೊಳಗೆ ಯಾರೋ ಕೂತು ಬೀಸುಕಲ್ಲು ತಿರುವುತ್ತಿರುವಂಥ ನೋವಿತ್ತು. ಅಳು ಬರಬೇಕಾಗಿತ್ತು. ಬಂದದ್ದು ನಗು.

ಈ ನಗುವಿನದೇ ಅವಳಿಗೊಂದು ಪೀಡೆ. ಮದುವೆಯಲ್ಲಿ ಬೌದ್ಧ ಭಂತೇಜಿಯವರು ತ್ರಿಶರಣ ಹೇಳಿಸುವಾಗ ನಕ್ಕಿದ್ದಳು. ಅತ್ತೆ ಸತ್ತಾಗ ಹೆಣದ ಮುಂದೆಯೂ ಒಮ್ಮೆ ಬಂದುಬಿಟ್ಟಿತ್ತು. ನಗಬಾರದ ಹೊತ್ತಿನಲ್ಲಿಯೇ ಹೊಟ್ಟೆಯೊಳಗೆ ಯಾರೋ ಕಚಗುಳಿ ಇಡುತ್ತಾರೆ, ಇಡುವವರು ಯಾರೆಂದು ಅವಳಿಗೂ ತಿಳಿಯದು.

"ನಗ್ತಿಯೇನ್ಲೇ ಹಲ್ಕಟ್? ನಾ ಇಲ್ಲಿ ತಮಾಷಾ ಮಾಡ್ಲತ್ತೇನೇನು?"

"ಇಲ್ಲರಿ ಮುಕಾದಮ. ಸಬೂತು ಅಂದ್ರಲ್ಲ, ಅದು ಎಡಗೈಲೆ ಕೊಡ್ಬೇಕೋ ಬಲಗೈಲೆ ಕೊಡ್ಬೇಕೋ ಅಂತ ಯೋಚ್ನಿ ಮಾಡ್ಲತ್ತಿದ್ದೆ."

ಬೇಳೆ ಆರಿಸುತ್ತಿದ್ದ ಹೆಂಗಸರ ಸಾಲು ಸೆರಗನ್ನು ಬಾಯಿಗೊತ್ತಿಕೊಂಡು ಕುಲುಕಿತು. ಗೋರಖನಾಥನ ಮುಖ ಕೆಂಪಾಯಿತು. ಅವನೂ ಸುಭದ್ರಾಬಾಯಿಯ ಓಣಿಯವನೇ. ಓಣಿಯಲ್ಲಿ ಎದುರಾದರೆ "ವೈನಿ, ಚಾ ಆಯ್ತೇನ್ರಿ" ಅನ್ನುವವನು. ಮಿಲ್ಲಿನ ಗೇಟು ದಾಟಿದನೆಂದರೆ ಅವನ ನಾಲಿಗೆ ಅಂಗಿ ಬದಲಿಸುತ್ತಿತ್ತು.

ಈ ಮಿಲ್ಲಿಗೊಂದು ಪದ್ಧತಿ ಇತ್ತು, ಸಾಹುಕಾರ ಹಣಮಂತಪ್ಪನ ಅಪ್ಪನ ಕಾಲದಿಂದ ನಡೆದು ಬಂದದ್ದು. ಒಳಗೆ ಮಷೀನಿನ ಮೇಲ್ಗಡೆ ಲಕ್ಷ್ಮಿಯ ಫೋಟೋ ಇರುವುದರಿಂದ, ಹೊರಗಾದ ಹೆಂಗಸು ಹೊಸ್ತಿಲು ದಾಟಕೂಡದು. ಅಂಗಳದ ಬೇವಿನ ಗಿಡದ ಬುಡದಲ್ಲಿ ಕೂತು ಹೊಟ್ಟಿನೊಳಗೆ ಉಳಿದ ನುಚ್ಚು ಆರಿಸಬೇಕು. ದುಡಿಮೆ ಪೂರಾ, ಪಗಾರ ಅರ್ಧ. ಅದಕ್ಕೆ 'ಗಿಡದ ಹಾಜರಿ' ಎಂದು ಹೆಸರು. ಆ ದಿನಗಳಲ್ಲಿ ನೀರಿನ ಕೊಡ ಮುಟ್ಟುವಂತಿಲ್ಲ, ಯಾರಾದರೂ ಮೇಲಿನಿಂದ ಬೊಗಸೆಗೆ ಹೊಯ್ಯಬೇಕು. ಸುಭದ್ರಾಬಾಯಿಗೆ ಉಳಿದ ದಿನಗಳಲ್ಲೂ ಮೇಲಿನಿಂದಲೇ ಹೊಯ್ಯುತ್ತಿದ್ದುದರಿಂದ ಆ ವ್ಯತ್ಯಾಸವೇನೂ ಅವಳಿಗೆ ಗೊತ್ತಾಗುತ್ತಿರಲಿಲ್ಲ.

ಹಾಗಿದ್ದಾಗ ಸರಕಾರದಿಂದ ಹೊಸ ಆದೇಶ ಬಂತು. ಸುದ್ದಿ ತಂದವಳು ಎಸ್ತರ, ಔರಾದ ಕಡೆಯ ಸಂತಪುರದ ಹುಡುಗಿ, ಮಿಲ್ಲಿನಲ್ಲಿ ಚೀಲ ಹೊಲಿಯುವವಳು. ಅವಳ ಅಕ್ಕ ಬೀದರದಲ್ಲಿ ನರ್ಸು. ಹೆಣ್ಣುಮಕ್ಕಳಿಗೆ ಮುಟ್ಟಿನ ಸಲುವಾಗಿ ತಿಂಗಳಿಗೊಂದು ದಿನ ರಜೆ. ಖಾಸಗಿ ಕಾರಖಾನೆಯಲ್ಲೂ ಕೊಡಬೇಕು, ಪಗಾರ ಕಡಿಯಕೂಡದು, ಡಾಕ್ಟರ ಚೀಟಿ ಕೇಳಕೂಡದು, ವಯಸ್ಸು ಐವತ್ತೆರಡರವರೆಗೆ.

"ಐವತ್ತೆರಡರ ತನಕ ಯಾಕ? ನಾ ಏನ್ ಪಾಪ ಮಾಡೀನಿ?" ಎಂದು ಬೇಳೆ ಆರಿಸುವ ಕಾಂತಾಬಾಯಿ ಜಗಳಕ್ಕೆ ನಿಂತಿದ್ದಳು. ಅವಳಿಗೆ ಅರವತ್ತು ದಾಟಿ ಎಷ್ಟೋ ಕಾಲವಾಗಿತ್ತು.

ಆದೇಶದ ಸುದ್ದಿ ಸಾಹುಕಾರನ ಕಿವಿಗೆ ಬಿದ್ದದ್ದೇ ತಡ, ಹಣಮಂತಪ್ಪನಿಗೆ ಜ್ಞಾನೋದಯವಾಯಿತು. ಹೆಂಗಸರನ್ನೆಲ್ಲ ಅಂಗಳದಲ್ಲಿ ಕೂಡಿಸಿ, ಕೈ ಮುಗಿದು ಮಾತಾಡಿದ.

"ನೋಡ್ರವ್ವಾ, ಈ ಮೈಲಿಗಿ ಗಿಯ್ಲಿಗಿ ಎಲ್ಲಾ ಮೂಢನಂಬಿಕಿ. ನಮ್ಮ ಶರಣರು ಸೂತಕ ಇಲ್ಲಂತ ಹಿಂದೇ ಹೇಳ್ಯಾರ. ಹೆಣ್ಣು ದೇವರ ಸಮಾನ. ಇವತ್ತಿನಿಂದ ಗಿಡದ ಹಾಜರಿ ಬಂದ್. ನಮ್ಮ ಮಿಲ್ಲಿನಾಗ ಇನ್ನ ಯಾರೂ ಹೊರಗಾಗಂಗಿಲ್ಲ!"

ಕಾಂತಾಬಾಯಿ ಗದ್ದಕ್ಕೆ ಕೈ ಹಚ್ಚಿದಳು. "ಇದು ಮೊದ್ಲೇ ಹೇಳಿದ್ರ ಎಷ್ಟು ಬಟ್ಟಿ ಉಳಸ್ತಿದ್ದೆನಲ್ಲೋ ಯಪ್ಪಾ."

ಸಾಹುಕಾರ ಆಡಿದ ಮಾತಿಗೆ ತಪ್ಪುವವನಲ್ಲ. ಅದೇ ದಿನ ಬೇವಿನ ಗಿಡವನ್ನು ಬುಡಸಮೇತ ಕಡಿಸಿ ಹಾಕಿದ. ಕೂಡಲು ನೆರಳೇ ಇಲ್ಲದ ಮೇಲೆ ಹೊರಗಾಗುವ ಮಾತೆಲ್ಲಿಂದ ಬಂತು?

ಸುಭದ್ರಾಬಾಯಿಗೆ ಬೇಕಾಗಿದ್ದದ್ದು ದೊಡ್ಡದೇನೂ ಅಲ್ಲ. ಹಗಲು ಹೊತ್ತಿನಲ್ಲಿ ತನ್ನ ಮನೆಯ ಚಾಪೆಯ ಮೇಲೆ ಒಮ್ಮೆ ಮಲಗುವುದು. ಜ್ವರ ಬಂದು ಅಲ್ಲ, ಹಡೆದು ಅಲ್ಲ, ಸುಮ್ಮನೆ. ಗೋಡೆಯ ಮೇಲಿನ ಬುದ್ಧನ ಹಾಗೆ ಕಣ್ಣು ಅರ್ಧ ಮುಚ್ಚಿ, ಓಣಿಯಲ್ಲಿ ಬಾಳೆಹಣ್ಣಿನ ಗಾಡಿ ಕೂಗುತ್ತ ಹೋಗುವುದನ್ನು ಕೇಳುತ್ತ. ಹೊತ್ತು ಮುಳುಗಿದಾಗ 'ಇವತ್ತಿನ ಪಗಾರ ಹೋಯ್ತು' ಎಂಬ ಅಂಜಿಕೆ ಇಲ್ಲದೆ ಏಳುವುದು. ವಯಸ್ಸು ನಲವತ್ತು ದಾಟಿದ ಮೇಲೆ ಆ ದಿನಗಳಲ್ಲಿ ಅವಳ ಮೈ ಹಿಂಡಿ ಹಿಪ್ಪೆಯಾಗುತ್ತಿತ್ತು. ಆದ್ದರಿಂದ ಆ ಮುಂಜಾನೆ ಎಲ್ಲರಿಗಿಂತ ಮೊದಲು ಬಾಯಿ ತೆರೆದು ಆ ಒಂದು ದಿನದ ಸೂಟಿ ಕೇಳಿದವಳು ಅವಳೇ.

ಅದಕ್ಕೇ ಈ ಸಬೂತು.

"ಕಾಂತಾಬಾಯಿ!" ಗೋರಖನಾಥ ಕೂಗಿದ. "ಇಕಿನ ಚೀಲದ ಥಪ್ಪಿ ಹಿಂದ ಕರಕೊಂಡು ಹೋಗು. ನೋಡಿ ಬಂದು ಹೇಳು, ಖರೇನೋ ಸುಳ್ಳೋ."

ನಗು ನಿಂತಿತು. ಎಸ್ತರಳ ಹೊಲಿಗೆ ಸೂಜಿ ಕೈಯಲ್ಲೇ ಉಳಿಯಿತು. ಸುಭದ್ರಾಬಾಯಿ ಎದ್ದಳು. ಹಮಾಲರು, ಲಾರಿಯ ಡ್ರೈವರು, ತೂಕದ ಕಾಟಾದ ಮುಂದೆ ನಿಂತಿದ್ದ ರೈತರು ನೋಡುತ್ತಿರುವಾಗ ನಡೆದುಹೋಗಿ ಚೀಲಗಳ ಹಿಂದೆ ನಿಂತಳು. ಕಾಂತಾಬಾಯಿ ಬಂದು ಅವಳಿಗೆ ಬೆನ್ನು ತಿರುಗಿಸಿ, ಗೋಡೆ ನೋಡುತ್ತ ಕೂತಳು.

"ನಾ ನೋಡಂಗಿಲ್ಲವ್ವಾ. ನನ್ನ ಕಣ್ಣು ಇದಕ್ಕ ಹುಟ್ಟಿಲ್ಲ. ಜರಾ ಹೊತ್ತು ಕೂತು ಹೋಗಮು. ಎಲಿ ಅಡಿಕಿ ಅದಾವೇನು?"

ಇಬ್ಬರೂ ಎಲೆ ಅಡಿಕೆ ಹಾಕಿಕೊಂಡರು. ಸುಭದ್ರಾಬಾಯಿಯ ಕಣ್ಣಿನಿಂದ ಆಗ ನೀರು ಬಂತು. ಯಾರೂ ನೋಡಲಿಲ್ಲ. ಕಾಂತಾಬಾಯಿ ಗೋಡೆಯನ್ನೇ ನೋಡುತ್ತಿದ್ದಳು.

ಹೊರಗೆ ಬಂದು "ಆಗ್ಯಾದ" ಎಂದು ಕಾಂತಾಬಾಯಿ ಹೇಳಿದಾಗ ಗೋರಖನಾಥ, "ನಿನ್ನ ಕಣ್ಣಿಗಿ ಪೊರಿ ಬಂದಾದ, ನಿನ್ನ ಸಾಕ್ಷಿ ನಡಿಯಂಗಿಲ್ಲ" ಅಂದ. ಗದ್ದಲ ಕೇಳಿ ಸಾಹುಕಾರನೂ ಬಂದ.

"ಸುಭದ್ರಾ, ತಂಗಿ, ನನ್ನ ಹೊಟ್ಟಿ ಮ್ಯಾಲ ಯಾಕ ಹೊಡೀತಿ?" ಅವನ ದನಿ ಬೆಣ್ಣೆ. "ಗಡಿ ದಾಟಿದ್ರ ಉದಗೀರ. ಅಲ್ಲಿಯ ಮಿಲ್ಲಿನವ್ರಿಗಿ ಈ ಕಾನೂನೇ ಇಲ್ಲ. ಅವರ ಬ್ಯಾಳಿ ಸಸ್ತಾ ಆಯ್ತು, ನಂದು ಯಾವ ಬಾಡ್ಯಾ ಕೊಂತಾನ? ಬೆಂಗಳೂರಾಗ ಕೂತು ಸಹಿ ಮಾಡೋರಿಗಿ ಧಂದಾ ಗೊತ್ತದೇನು?"

"ನೀವು ಹೇಳೋದು ಖರೇ ಇರ್ಬಹುದರಿ ಸಾವ್ಕಾರ. ಆದ್ರ ಒಂದು ಮಾತ. ಅರ್ಧಾ ಪಗಾರ ಕಡೀವಾಗ ನನ್ನ ಬಾಯಿಮಾತು ಸಾಕಾಗ್ತಿತ್ತು. 'ಆಗ್ಯಾದ' ಅಂದ್ರ ಸಾಕು, ಗಿಡದ ಬುಡಕ್ಕ ಕಳಸ್ತಿದ್ರಿ. ಪೂರಾ ಕೊಡೋ ಹೊತ್ತಿನಾಗ ಸಬೂತು ಹ್ಯಾಂಗ ಬೇಕಾಯ್ತು?"

ಬೆಣ್ಣೆ ಕರಗಿತು. ಹಣಮಂತಪ್ಪ ಅಂಗಳದ ಕಡೆ ಬೆರಳು ಮಾಡಿದ. ಹಿಂದಿನ ದಿನ ಬಂದಿಳಿದ ಹೊಸ ಮಷೀನು ಅಲ್ಲಿ ಟಾರ್ಪಾಲು ಹೊದ್ದು ನಿಂತಿತ್ತು. ಕಣ್ಣಿಲ್ಲದೆ ನೋಡಿ, ಕೈಯಿಲ್ಲದೆ ಕೆಟ್ಟ ಕಾಳು ಆರಿಸುವ ಮಷೀನು.

"ನೋಡ್ಲತ್ತೀಯಾ? ನಾಳಿ ಅದರ ಪೂಜಾ ಅದ. ಅದಕ್ಕ ಮುಟ್ಟಿಲ್ಲ, ಮುನಿಸಿಲ್ಲ, ಸೂಟಿ ಕೇಳಂಗಿಲ್ಲ. ಹೊಲೆತನದ ಬಾಯಿ ಮುಚ್ಕೊಂಡು ಕೆಲಸ ಮಾಡಿದ್ರ ಮಾಡು. ಇಲ್ಲಂದ್ರ ಗೇಟು ತೆರದದ."

ಸುಭದ್ರಾಬಾಯಿ ಕೂತಳು. ಸಂಜೆಯವರೆಗೆ ಬೇಳೆ ಆರಿಸಿದಳು.

ಮರುದಿನ ಮಿಲ್ಲಿಗೆ ಮಾವಿನ ತೋರಣ ಕಟ್ಟಿದ್ದರು. ಮಷೀನನ್ನು ಒಳಗೆ ನಿಲ್ಲಿಸಿ, ಚೆಂಡುಹೂವಿನ ಹಾರ ಹಾಕಿ, ಕುಂಕುಮ ಹಚ್ಚಿ ಮದುಮಗಳ ಹಾಗೆ ಮಾಡಿದ್ದರು. ಔರಾದದಿಂದ ಸಾಹುಕಾರನ ಬೀಗರು ಜೀಪಿನಲ್ಲಿ ಬಂದಿಳಿದಿದ್ದರು. ಬೀಗಿತಿಯ ಮೈಮೇಲಿನ ಬಂಗಾರ ಮಷೀನಿನ ಹಾರಕ್ಕೆ ಸರಿಸಾಟಿಯಾಗಿ ಹೊಳೆಯುತ್ತಿತ್ತು. ಕೆಲಸದ ಹೆಂಗಸರು ಗೋಡೆಗುಂಟ ನಿಂತಿದ್ದರು. ಪೂಜೆ ಆದ ಮೇಲೆ ಅವರಿಗೆ ಪೇಢೆ ಎಂದು ಮಾತಾಗಿತ್ತು.

ಪೂಜೆಯ ಐನೋರು ಗಡಿಯಾರ ನೋಡಿದರು. "ರಾಹುಕಾಲ ಸಮೀಪ ಬಂತು, ಲಗೂ ಮುಗಸಮು" ಎಂದು ಅವಸರಿಸಿ, ತೆಂಗಿನಕಾಯಿ ಕೈಗೆತ್ತಿಕೊಂಡರು. ಆಮೇಲೆ, ಎಲ್ಲ ಪೂಜೆಯಲ್ಲೂ ಕೇಳುವಂತೆ, ಬಾಯಿಪಾಠದ ದನಿಯಲ್ಲಿ ಕೇಳಿದರು:

"ಹೊರಗಾದೋರು ಯಾರಾರ ಇದ್ರ ದೂರ ಸರೀರವ್ವಾ."

ಈ ಮಾತನ್ನು ಐನೋರಿಗೆ ಮುಂಚೆಯೇ ಹೇಳಿ ಬಿಡಿಸಬೇಕಿತ್ತೆಂದು ಹಣಮಂತಪ್ಪನಿಗೆ ಹೊಳೆದಿರಲಿಲ್ಲ. ಗಿಡ ಕಡಿಸಿದ್ದ, ಐನೋರ ಬಾಯಿ ಕಡಿಸಿರಲಿಲ್ಲ.

ಸುಭದ್ರಾಬಾಯಿ ಸುಳ್ಳು ಹೇಳುವವಳಲ್ಲ. ಪಂಚಶೀಲ ಹಿಡಿದ ಬಾಯಿ. ಕೇಳಿದ್ದಕ್ಕೆ ಉತ್ತರ ಕೊಟ್ಟಳು.

"ನಾ ಆಗೀನ್ರಿ ಐನೋರ. ಸಾವ್ಕಾರಗ ನಿನ್ನೇನೇ ಹೇಳೀನಿ."

ಐನೋರು ಮಣೆ ಬಿಟ್ಟು ಹಿಂದೆ ಸರಿದರು. ಸಾಹುಕಾರ ಬಾಯಿ ತೆರೆಯುವ ಮೊದಲೇ ಎಸ್ತರ ಒಂದು ಹೆಜ್ಜೆ ಮುಂದೆ ಬಂದಳು.

"ನಾನೂ ಆಗೀನ್ರಿ."

"ನಂಗ್ ಭೀ ಆಗ್ಯಾದ," ಎಂದಳು ಚೀಲ ತೂಗುವ ಗೌಹರ. "ಕಸಮ್ ಕೇಳಬ್ಯಾಡ್ರಿ. ಆದ್ರ ಆಗ್ಯಾದ."

"ನಂಗೂ."

"ನಂಗ ಈಗೀಗ, ನಿಂತಲ್ಲೇ ಆಯ್ತು."

ಗೋಡೆಗುಂಟ ಆ ಮಾತು ಹಣತೆಯಿಂದ ಹಣತೆಗೆ ದೀಪ ಹಚ್ಚಿದ ಹಾಗೆ ಹೋಯಿತು. ಕೊನೆಗೆ ಕಾಂತಾಬಾಯಿ, ಬೆನ್ನು ಬಾಗಿದ, ಹಲ್ಲು ಬಿದ್ದ ಕಾಂತಾಬಾಯಿ, ಸೆರಗು ತಲೆತುಂಬ ಹೊದ್ದು ನಾಚಿಕೊಂಡು ಹೇಳಿದಳು:

"ನನಗೂ ಆಗ್ಯಾದರಿ ಐನೋರ. ಭಾಳ ವರ್ಷದ ಮ್ಯಾಲ. ಎಲ್ಲಾ ನಿಮ್ಮ ಆಶೀರ್ವಾದ."

ಆಗ ಒಡೆಯಿತು ನೋಡಿ. ಸುಭದ್ರಾಬಾಯಿಯ ಹೊಟ್ಟೆಯೊಳಗಿನ ಕಚಗುಳಿ ಅವಳನ್ನು ಬಿಟ್ಟು ಸಾಲಿನ ತುಂಬ ಓಡಿತು. ಗೌಹರ ಗೋಡೆ ಹಿಡಿದು ನಕ್ಕಳು. ಎಸ್ತರ ಕೂತು ನಕ್ಕಳು. ಹಮಾಲರು ಮುಖ ತಿರುಗಿಸಿದರೂ ಅವರ ಬೆನ್ನುಗಳು ನಗುತ್ತಿದ್ದವು. ಔರಾದದ ಬೀಗಿತಿ "ಶಿವ ಶಿವ" ಎಂದು ಸೀರೆ ಒಟ್ಟು ಮಾಡಿಕೊಂಡವಳು, ಸೆರಗಿನ ಮರೆಯಲ್ಲಿ ಒಮ್ಮೆ ಸದ್ದಿಲ್ಲದೆ ಕುಲುಕಿದ್ದನ್ನು ಸುಭದ್ರಾಬಾಯಿ ಕಂಡಳು.

"ಸುಳ್ಳರಿ ಸಾವ್ಕಾರ!" ಗೋರಖನಾಥ ಅರಚಿದ. "ಎಲ್ಲಾ ರಂಡೇರೂ ಕೂಡಿ ಸುಳ್ಳು ಹೇಳ್ಲತ್ತಾರ! ಒಂದೇ ಸಲ ಎಲ್ಲರಿಗೂ ಹ್ಯಾಂಗ ಆಗ್ತದ?"

"ಸುಳ್ಳೇನ್ರಿ?" ಸುಭದ್ರಾಬಾಯಿ ನಗುತ್ತಲೇ ಮುಂದೆ ನಡೆದಳು. ಮಷೀನಿನ ಮುಂದೆ ನಿಂತು ಕೈ ಎತ್ತಿದಳು. ಹೂವಿನ ಹಾರಕ್ಕೂ ಅವಳ ಅಂಗೈಗೂ ಗೇಣಿನಷ್ಟು ಅಂತರ. "ಸುಳ್ಳಾದ್ರ ಮುಟ್ಟಿದ್ರೇನೂ ಹರಕತ್ತಿಲ್ಲ. ಮುಟ್ಲೇನ್ರಿ?"

"ಏ! ಏ!" ಐನೋರು ಕಾಯಿಯನ್ನು ಎದೆಗವಚಿಕೊಂಡರು. "ಹಣಮಂತಪ್ಪಾ, ಆಕಿ ಮುಟ್ಟಿದ್ರ ನಾ ಹೋದೆ! ರಾಹುಕಾಲ ಬ್ಯಾರೆ ಬರ್ಲತ್ತದ!"

ಹಣಮಂತಪ್ಪ ಐನೋರನ್ನು ನೋಡಿದ, ಬೀಗರನ್ನು ನೋಡಿದ, ಆ ಕೈಯನ್ನು ನೋಡಿದ. ಅವನ ಹಣೆಯ ವಿಭೂತಿ ಬೆವರಿಗೆ ಇಳಿದು ಹುಬ್ಬಿಗೆ ಬಂದಿತ್ತು.

"ಮುಟ್ಟಬ್ಯಾಡ! ಆಗ್ಯಾದ, ಖರೇ ಆಗ್ಯಾದ, ಎಲ್ಲರಿಗೂ ಆಗ್ಯಾದ! ನಡೀರಿ ಹೊರಗ!"

"ಸೂಟಿ ಏನ್ರಿ?"

"ಹೌದು, ಸೂಟಿ!"

"ಪಗಾರದ್ದೇನ್ರಿ? ಜರಾ ಜೋರಲೆ ಹೇಳ್ರಿ, ಬೀಗರಿಗೂ ಕೇಳ್ಲಿ."

"ಪಗಾರದ್ದೇ ಸೂಟಿ! ನಿಮ್ಮ ಕುಲಾ ಹಾಳಾಗ್ಲಿ, ನಡೀರಿ!"

ಸುಭದ್ರಾಬಾಯಿ ಕೈ ಇಳಿಸಿದಳು. ಹೆಂಗಸರು ಒಬ್ಬರ ಮೇಲೊಬ್ಬರು ಬೀಳುತ್ತ, ಕಣ್ಣೊರೆಸಿಕೊಳ್ಳುತ್ತ ಬಾಗಿಲ ಕಡೆ ಹೊರಟರು. ಅವಳ ಚಾಪೆ, ಅವಳ ಹಗಲು, ಬಾಳೆಹಣ್ಣಿನ ಗಾಡಿಯ ಕೂಗು ಎಲ್ಲ ಇನ್ನೊಂದು ಫರ್ಲಾಂಗಿನಾಚೆ ಇದ್ದವು. ಹೊಸ್ತಿಲ ಹತ್ತಿರ ಎಸ್ತರ ಅವಳ ಕಿವಿಯ ಬಳಿ ಬಗ್ಗಿದಳು.

"ಅಕ್ಕಾ, ಸೂಟಿ ಏನೋ ಸಿಕ್ತು. ಆದ್ರ ನಾವು ಮೈಲಿಗಿ ಅಂತ ನಾವೇ ಒಪ್ಕೊಂಡಂಗ ಆಯ್ತಲ್ಲ?"

ಸುಭದ್ರಾಬಾಯಿ ನಿಂತಳು. ಹಿಂದೆ ಐನೋರ ಮಂತ್ರ ಶುರುವಾಗಿತ್ತು. ಅವಳು ತಿರುಗಿ ನಡೆದಳು, ಅವಸರವಿಲ್ಲದೆ, ಬುದ್ಧವಿಹಾರದೊಳಗೆ ನಡೆಯುವ ಹಾಗೆ. ಏನೆಂದು ಯಾರಿಗೂ ತಿಳಿಯುವ ಮೊದಲೇ ಹಾರವನ್ನು ಬದಿಗೆ ಸರಿಸಿ, ಮಷೀನಿನ ಬಿಳಿ ಮೈಮೇಲೆ ಎರಡೂ ಅಂಗೈ ಊರಿದಳು. ಕಬ್ಬಿಣ ತಣ್ಣಗಿತ್ತು.

"ಸೂಟಿ ನಂದರಿ ಸಾವ್ಕಾರ," ಅಂದಳು. "ಮೈಲಿಗಿ ನಿಮ್ದು. ನೀವೇ ಇಟ್ಕೋರಿ."

ಮಂತ್ರ ನಿಂತಿತು. ಐನೋರ ಕೈಯಿಂದ ಕಾಯಿ ಜಾರಿ ಉರುಳಿ ಬೀಗರ ಕಾಲಿಗೆ ತಾಗಿತು.

"ಹಿಡೀರಿ ಆ ಸೂಳೀನ! ಹಿಡೀರಲೇ!" ಹಣಮಂತಪ್ಪ ಕುಣಿದಾಡಿದ.

ಗೋರಖನಾಥ ಎರಡು ಹೆಜ್ಜೆಯಲ್ಲಿ ಅವಳ ಎದುರಿಗೆ ಬಂದ. ಅವಳ ರಟ್ಟೆಯತ್ತ ಕೈ ಚಾಚಿದ. ಆದರೆ ಬೀಗರು ನೋಡುತ್ತಿದ್ದರು, ಐನೋರು ನೋಡುತ್ತಿದ್ದರು. ಹಿಡಿಯಬೇಕೆಂದರೆ ಮುಟ್ಟಬೇಕಿತ್ತು. ಚಾಚಿದ ಕೈ ಚಾಚಿದಲ್ಲೇ ಉಳಿಯಿತು.

ಅವಳು ಒಂದು ಹೆಜ್ಜೆ ಇಟ್ಟಳು. ಅವನು ಹಿಂದೆ ಸರಿದ. ಇನ್ನೊಂದು ಇಟ್ಟಳು. ಬೀಗರು ಸರಿದರು, ಜೀಪಿನ ಡ್ರೈವರು ಸರಿದ, ಮಿಲ್ಲಿನ ಒಳಗಿನಿಂದ ಗೇಟಿನವರೆಗೆ ದಾರಿ ತಾನೇ ತೆರೆದುಕೊಂಡಿತು. ಎರಡೂ ಕೈಗಳನ್ನು ಅಗಲಕ್ಕೆ ಚಾಚಿ, ನಗುತ್ತ, ಸುಭದ್ರಾಬಾಯಿ ಅದರ ನಟ್ಟನಡುವೆ ನಡೆದಳು.