ಖಳನಾಯಕಿಗೆ ಸಲ್ಲುವ ಮರ್ಯಾದೆ

ದೀಪಗಳು ಆರುವ ಮುನ್ನ ಧ್ವನಿವರ್ಧಕದಲ್ಲಿ ಗಂಡುದನಿಯೊಂದು ಹೇಳಿತು: "ಈ ಸಂಜೆ ಮಿಸೆಸ್ ಗ್ರಿಮ್‌ಶಾ ಪಾತ್ರವನ್ನು ರೋವೆನಾ ಹೆಸ್ಕೆತ್ ವಹಿಸಲಿದ್ದಾರೆ."

ಮಿಠಾಯಿ ಪೊಟ್ಟಣ ಬಿಚ್ಚುತ್ತಿದ್ದ ಮ್ಯೂರಿಯಲ್ ಹೆಸ್ಕೆತ್‌ಳ ಕೈ ಹಾಗೇ ನಿಂತಿತು.

"ಅಜ್ಜಿ, ಅದು ನಮ್ಮ ರೋ ಅತ್ತೆ ಹೆಸ್ರಲ್ವಾ?" ಎಂದಳು ಪಕ್ಕದಲ್ಲಿ ಎತ್ತರದ ದಿಂಬಿನ ಮೇಲೆ ಕೂತಿದ್ದ ಮಗನ ಮಗಳು ಈಡಿ.

"ಹೌದು. ಸುಮ್ನೆ ಕೂತ್ಕೊ."

ಮಗಳು ರೋವೆನಾ ಈ ತಂಡದಲ್ಲಿದ್ದಾಳೆಂದು ಮ್ಯೂರಿಯಲ್‌ಗೆ ಗೊತ್ತಿತ್ತು. ಆದರೆ ಅವಳು ಬದಲಿ ನಟಿ. ಯಾರಾದರೂ ಕಾಯಿಲೆ ಬಿದ್ದರೆ ಮಾತ್ರ ರಂಗಕ್ಕೆ ಬರುವವಳು. ಟೀಚರ್ ಆಗುವ ಓದನ್ನು ಅರ್ಧಕ್ಕೆ ಬಿಟ್ಟು ನಾಟಕದವರ ಜೊತೆ ಹೊರಟ ದಿನದಿಂದ ತಾಯಿ ಮಗಳ ನಡುವೆ ಮಾತಿಲ್ಲ. ಊರೂರು ಸುತ್ತುವ ತಂಡ ತಮ್ಮೂರು ಬೋಲ್ಟನ್‌ಗೆ ಬಂದಾಗ, ಮಗು ಕೇಳಿತೆಂದು ನೆಪ ಮಾಡಿಕೊಂಡು ಮ್ಯೂರಿಯಲ್ ಟಿಕೆಟ್ ತರಿಸಿದ್ದಳು. ಪರದೆಯ ಆಚೆ ಮಗಳು, ಈಚೆ ತಾನು. ಸದ್ಯಕ್ಕೆ ಅಷ್ಟು ಹತ್ತಿರ ಸಾಕು ಎಂದುಕೊಂಡಿದ್ದಳು.

ಕಡಲತೀರದ ವಸತಿಗೃಹದಲ್ಲಿ ಹಾಡನ್ನೇ ನಿಷೇಧಿಸಿದ ದುಷ್ಟ ಒಡತಿ ಮಿಸೆಸ್ ಗ್ರಿಮ್‌ಶಾಳ ಕಥೆ ಅದು. ಒಡತಿ ಕಾಲಿಟ್ಟದ್ದೇ ತಡ, ಮಕ್ಕಳೆಲ್ಲ ಬೂ ಎಂದು ಕೂಗಿದರು. ಖಳರಿಗೆ ಬೂ ಎನ್ನುವುದು ಇಲ್ಲಿನ ಮಕ್ಕಳಿಗೆ ತೊಟ್ಟಿಲಲ್ಲೇ ಬರುವ ವಿದ್ಯೆ. ಕೂಗು ಜೋರಾದಷ್ಟೂ ನಟರಿಗೆ ಮರ್ಯಾದೆ.

ಅನಾಥ ಹುಡುಗಿಯೊಬ್ಬಳು ಒಡತಿಯ ಮುಂದೆ ನಿಂತು, ಹಾಡಲು ಒಂದೇ ಒಂದು ಅವಕಾಶ ಬೇಡಿದಳು. ಒಡತಿ ಕನ್ನಡಕ ತೆಗೆದಳು. ಸ್ವೆಟರಿನ ಅಂಚಿನಿಂದ ಒಂದು ಗಾಜು ಒರೆಸಿದಳು, ಆಮೇಲೆ ಇನ್ನೊಂದು. ಬೆಳಕಿಗೆ ಹಿಡಿದು ನೋಡಿ, ಮತ್ತೆ ಹಾಕಿಕೊಂಡಳು.

"ಆಯ್ತು. ಇನ್ನು ಈ ಮಾತು ಬೇಡ."

ಸಭೆ ಗೊಳ್ಳೆಂದಿತು. ಮ್ಯೂರಿಯಲ್‌ಗೆ ಆ ಮಾತಿನ ಗುರುತು ಹತ್ತಿತು. ತನ್ನ ಅಡುಗೆಮನೆಯಲ್ಲಿ ಮಗಳಿಗೆ ತಾನೇ ಆಡಿದ ಮಾತು. ತಲೆ ತಗ್ಗಿಸಿದರೆ ತನ್ನ ಕನ್ನಡಕ ಕೈಯಲ್ಲಿತ್ತು. ಬೆರಳುಗಳು ಸ್ವೆಟರಿನ ಅಂಚಿನಿಂದ ಅದನ್ನು ಒರೆಸುತ್ತಿದ್ದವು.

ಈಡಿ ರಂಗವನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. "ಅಜ್ಜಿ, ಅದು ನೀನು."

"ಥೇಟ್ ನಿಮ್ಮಮ್ಮನೇ ಕಣೆ," ಹಿಂದಿನ ಸಾಲಿನ ಗಂಡಸು ಹೆಂಡತಿಗೆ ಹೇಳಿದ.

"ಮೆತ್ತಗೆ. ಮುಂದೆ ಕೂತಿರೋರಿಗೂ ಅದೇ ವಯಸ್ಸು."

ವಿರಾಮದಲ್ಲಿ ಈಡಿ ಕಪ್ಪಿನ ಮುಚ್ಚಳದೊಳಗಿನ ಪುಟ್ಟ ಚಮಚ ಕಿತ್ತು ಐಸ್‌ಕ್ರೀಮ್ ತಿಂದಳು. ಮ್ಯೂರಿಯಲ್‌ಳದು ಕರಗಿ ನೀರಾಯಿತು.

"ಮನೆಗೆ ಹೋಗೋಣ್ವಾ ಪುಟ್ಟಿ?"

"ಅಯ್ಯೋ, ಈಗ್ಲೇನಾ? ಅವಳಿಗೆ ತಕ್ಕ ಶಾಸ್ತಿ ಆಗೋದೇ ಇನ್ಮೇಲೆ."

ನಾಟಕಕ್ಕೆ ಹೋಗಲು ಮಗಳು ಒಪ್ಪಿಗೆ ಕೇಳಿದ ದಿನ ತಾನು ಕೂಗಾಡಲಿಲ್ಲ, ಒಂದು ಕೆಟ್ಟ ಮಾತು ಆಡಲಿಲ್ಲ ಎಂಬುದೇ ಇಷ್ಟು ವರ್ಷ ಅವಳ ಸಮಾಧಾನವಾಗಿತ್ತು. ಎರಡು ಗಾಜು ಒರೆಸಲು ಅಷ್ಟು ಹೊತ್ತು ಹಿಡಿಯುತ್ತದೆಂದು ತಿಳಿದಿರಲಿಲ್ಲ. ಆ ಹೊತ್ತೆಲ್ಲ ಎದುರಿಗೊಂದು ಹುಡುಗಿ ಕಾದು ನಿಂತಿರುತ್ತಾಳೆ ಎಂಬುದು, ಕುರ್ಚಿಯಲ್ಲಿ ಕೂತು ನೋಡುವವರೆಗೆ ಕಂಡೇ ಇರಲಿಲ್ಲ.

ಕೊನೆಯ ಹಾಡು ಮುಗಿದು ನಟರು ಒಬ್ಬೊಬ್ಬರಾಗಿ ಬಂದು ಬಾಗಿದರು. ರೋವೆನಾ ಬಂದಾಗ ಸಭೆಯೆಲ್ಲ ಬೂ ಎಂದಿತು.

"ಅಜ್ಜಿ, ನೀನ್ಯಾಕೆ ಕೂಗ್ತಿಲ್ಲ? ಅತ್ತೆ ಬೇಜಾರ್ ಮಾಡ್ಕೋತಾಳೆ."

ನಾಲ್ಕು ಜನರ ಮುಂದೆ ದನಿ ಎತ್ತಿದವಳಲ್ಲ ಮ್ಯೂರಿಯಲ್. ಎದ್ದು ನಿಂತಳು. ಬಾಯಿ ತೆರೆದರೆ ಮೊದಲು ಗಾಳಿಯಷ್ಟೇ ಬಂತು. ಆಮೇಲೆ ಒಂದು ಒರಟು ಬೂ ಹೊರಬಿತ್ತು. ಅದರ ಹಿಂದೆ ಮತ್ತೊಂದು. ಸುತ್ತಲಿನವರು ಚಪ್ಪಾಳೆಗೆ ಇಳಿದ ಮೇಲೂ ಅವಳ ಕೂಗು ನಿಲ್ಲಲಿಲ್ಲ.

ರೋವೆನಾ ದನಿ ಬಂದತ್ತ ತಿರುಗಿದಳು. ನಗು ಮುಖದ ಮೇಲೇ ನಿಂತುಹೋಯಿತು. ಕನ್ನಡಕ ತೆಗೆದಳು, ಇನ್ನೊಂದು ಕೈ ಸ್ವೆಟರಿನ ಅಂಚಿನವರೆಗೆ ಹೋಯಿತು.

ಒರೆಸಲಿಲ್ಲ. ಅಂಚು ಬಿಟ್ಟು, ಅಮ್ಮನನ್ನೇ ಬರಿಗಣ್ಣಲ್ಲಿ ನೋಡುತ್ತ ನಿಂತಳು.