ಮೆಟ್ಟಿಲ ಕೆಳಗಿನ ಮೇಜು

ನಮ್ಮ ಕಾಲೇಜಿನ ಅಧ್ಯಕ್ಷರು ನಡೆಯುವಾಗ ಅವರ ಎಡಭುಜ ಬಲಭುಜಕ್ಕಿಂತ ಎರಡು ಬೆರಳು ತಗ್ಗಿರುತ್ತಿತ್ತು, ಕಣ್ಣಿಗೆ ಕಾಣದ ಮೇಜೊಂದರ ತುದಿಯನ್ನು ಹಿಡಿದುಕೊಂಡೇ ಹೊರಟಿದ್ದಾರೇನೋ ಎನ್ನುವಂತೆ. ಅದು ಹುಟ್ಟಿನಿಂದ ಬಂದದ್ದೋ ಹೊತ್ತು ಹೊತ್ತು ಬಂದದ್ದೋ ನಾನು ವಿಚಾರಿಸಲಿಲ್ಲ. ಮೇಜು ಹೊತ್ತದ್ದು ಮಾತ್ರ ನಿಜ. ಹದಿನೆಂಟು ವರ್ಷಗಳಲ್ಲಿ ಒಂಬತ್ತು ಸಲ ಅವರು ತಮ್ಮ ಕೋಣೆಯನ್ನು ಬಿಟ್ಟುಕೊಟ್ಟರು. ಅದರಲ್ಲಿ ಏಳನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಕಾಲೇಜು ಹುಟ್ಟಿದ್ದು ಕಾಗದದ ಹಳೆಯ ಗೋದಾಮಿನಲ್ಲಿ, ಐದು ಕೋಣೆ, ನಲವತ್ತಮೂರು ವಿದ್ಯಾರ್ಥಿಗಳೊಂದಿಗೆ. ಮೊದಲ ವರ್ಷ ಅಧ್ಯಕ್ಷರಿಗೆ ಬೀದಿ ಕಾಣುವ ದೊಡ್ಡ ಕೋಣೆಯಿತ್ತಂತೆ. ಮರುವರ್ಷ ವಾಣಿಜ್ಯ ವಿಭಾಗ ಬಂತು. ಬೀದಿಯ ಕಿಟಕಿ ಅದರ ಪಾಲಾಯಿತು. ಆಮೇಲೆ ಭೂಗೋಳದ ನಕಾಶೆಗಳಿಗೆ ಗೋಡೆ ಬೇಕಾಯಿತು, ಹುಡುಗಿಯರಿಗೆ ವಿಶ್ರಾಂತಿಯ ಕೋಣೆ ಬೇಕಾಯಿತು, ಮಾಳಿಗೆ ಕಟ್ಟಿಸಿದರೂ ಸಾಲದೆ ಮತ್ತೊಂದು ಬೇಕಾಯಿತು. ಬೇಕಾದಾಗಲೆಲ್ಲ ಅವರು ಕಂದು ಕೋಟಿನ ಜೇಬಿನಿಂದ ಬಟ್ಟೆ ಅಳೆಯುವ ಟೇಪನ್ನು ತೆಗೆದು, ತಮ್ಮದೇ ಕೋಣೆಯನ್ನು ಮೊದಲು ಅಳೆಯುತ್ತಿದ್ದರು. ಅದು ಅವರ ತಂದೆಯ ಟೇಪು, ತಂದೆ ದರ್ಜಿ. "ಬೆಳೆಯೋ ಮಗುವಿಗೆ ಹೊಲಿಯೋವಾಗ ಒಳಗಡೆ ಮಡಿಕೆ ಬಿಟ್ಟಿರ್ಬೇಕು, ಆಮೇಲೆ ಬಿಚ್ಚೋಕಾಗುತ್ತೆ ಅಂತಿದ್ರು ನಮ್ಮಪ್ಪ. ಈ ಕಾಲೇಜಿನ ಮಡಿಕೆ ಅಂದ್ರೆ ನನ್ನ ಕೋಣೇನೇ" ಎಂದು ಒಮ್ಮೆ ಹೇಳಿದ್ದರು.

ಮೇಜಿನ ಇನ್ನೊಂದು ತುದಿ ಹಿಡಿಯುತ್ತಿದ್ದವನು ಗಂಟೆ ಹೊಡೆಯುವ ಜವಾನ. "ಸಾಹೇಬ್ರೇ, ಇನ್ನೊಂದೆರಡು ಸಲ ಎತ್ತಿದ್ರೆ ಈ ಮೇಜು ತಾನೇ ನಡಿಯೋದು ಕಲಿಯುತ್ತೆ" ಎಂದು ಅವನು ಗೊಣಗುವುದು, "ಹಾಗಂತೀಯಾ?" ಎಂದು ಇವರು ಕೇಳುವುದು, ಇಬ್ಬರೂ ಎತ್ತುವುದು. "ಹಾಗಂತೀರಾ?" ಎಂಬುದು ಅವರ ಬಾಯಿಗೆ ಅಂಟಿಕೊಂಡ ಮಾತು. ಅದಕ್ಕೆ ಒಪ್ಪಿಗೆ ಎಂದೂ ಅರ್ಥವಿತ್ತು, ನಿಮ್ಮ ಮಾತು ಬೆಪ್ಪುತನದ್ದು ಎಂದೂ ಅರ್ಥವಿತ್ತು. ಯಾವುದೆಂದು ಸಂಜೆಯವರೆಗೆ ತಿಳಿಯುತ್ತಿರಲಿಲ್ಲ. ವಿದ್ಯಾರ್ಥಿಗಳು ಅವರಿಗೆ 'ಬಿಡಾರದ ಸಾಹೇಬರು' ಎಂದು ಹೆಸರಿಟ್ಟಿದ್ದರು. ಅವರ ಹೆಂಡತಿಗೂ ಅದು ಗೊತ್ತಿತ್ತು. "ಮನೇಲೂ ಹಾಗೇ ಕಣಮ್ಮ. ನೆಂಟರು ಬಾಗಿಲಲ್ಲಿ ಚಪ್ಪಲಿ ಬಿಡೋದ್ರೊಳಗೆ ಇವರು ಮಂಚ ಬಿಟ್ಟಿರ್ತಾರೆ. ನನ್ನೊಬ್ಬಳನ್ನ ಯಾರಿಗೂ ಬಿಟ್ಟುಕೊಟ್ಟಿಲ್ಲ, ಅದೇ ದೊಡ್ಡದು" ಎಂದು ಆಕೆ ನನ್ನ ಮುಂದೆ ನಕ್ಕಿದ್ದುಂಟು.

ಒಂಬತ್ತನೆಯ ಸಲ ಅವರನ್ನು ಎಬ್ಬಿಸಿದವಳು ನಾನು. ನಾನು ಅಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ವಿಜ್ಞಾನದ ಪದವಿ ತರಗತಿಯ ಮೊದಲ ತಂಡ ಅಂತಿಮ ವರ್ಷಕ್ಕೆ ಬಂದಿತ್ತು, ಸೂಕ್ಷ್ಮ ತಕ್ಕಡಿಗಳು ಬಂದಿದ್ದವು. ಅವಕ್ಕೆ ಗಾಳಿಯಾಡದ, ನೆಲ ಅದುರದ ಪ್ರತ್ಯೇಕ ಕೋಣೆ ಬೇಕು. ಅಂಥ ಕೋಣೆ ಇದ್ದದ್ದು ಒಂದೇ, ಅಧ್ಯಕ್ಷರದು: ಕಿಟಕಿಯೂ ಇಲ್ಲದ ಗೂಡು. ಇನ್ನು ಕೊಡಲು ಅವರ ಬಳಿ ಏನೂ ಉಳಿದಿಲ್ಲವೆಂದು ಗೊತ್ತಿದ್ದೂ ಕೇಳಿದೆ. "ಹಾಗಂತೀರಾ?" ಎಂದರು. ಸಂಜೆ ನೋಡಿದರೆ ಮೇಜು ಮಾಳಿಗೆಗೆ ಹೋಗುವ ಮೆಟ್ಟಿಲ ಕೆಳಗಿತ್ತು.

ಅಲ್ಲಿ ಸೂರು ಇಳಿಜಾರು. ಮರೆತು ಎದ್ದರೆ ತಲೆ ಬಡಿಯುತ್ತಿತ್ತು, ಅವರು ದಿನಕ್ಕೆರಡು ಸಲ ಮರೆಯುತ್ತಿದ್ದರು. ಆದರೆ ಆ ಜಾಗವನ್ನೂ ಅವರು ಕೆಲಸಕ್ಕೆ ಹಚ್ಚಿದರು. ತಲೆಯ ಮೇಲೆ ಹತ್ತಿಳಿಯುವ ಹೆಜ್ಜೆಗಳನ್ನು ಕೇಳುತ್ತ ಕೇಳುತ್ತ, ಯಾರ ಹೆಜ್ಜೆ ಹಗುರ, ಯಾರದು ನಿನ್ನೆಗಿಂತ ಭಾರ ಎಂಬುದು ತಿಳಿಯತೊಡಗಿತು. ಒಂದು ದಿನ ಹೀಗೇ ಒಬ್ಬ ಹುಡುಗಿಯನ್ನು ಕೆಳಗೆ ಕರೆದು, "ಏನಮ್ಮಾ, ನಾಲ್ಕು ದಿನದಿಂದ ನಿಂತು ನಿಂತು ಹತ್ತುತಾ ಇದೀಯಲ್ಲ?" ಎಂದು ಕೇಳಿದರು. ಅವಳು ಓದು ಬಿಡುವುದೆಂದು ನಿಶ್ಚಯಿಸಿದ್ದಳು. ಬಿಡಲಿಲ್ಲ.

ಆ ವರ್ಷವೇ ವಿಶ್ವವಿದ್ಯಾಲಯದ ತಪಾಸಣೆ ಸಮಿತಿ ಬರುವುದೆಂದಾಯಿತು. ಸಮಿತಿ ಒಪ್ಪಿದರೆ ಅಂತಿಮ ವರ್ಷದ ಇಪ್ಪತ್ತಾರು ಮಂದಿಗೆ ಪದವಿ ಪರೀಕ್ಷೆ; ಇಲ್ಲವಾದರೆ ಮೂರು ವರ್ಷ ಓದಿದ್ದು ನೀರಿನಲ್ಲಿ ಹೋಮ. ಅಧ್ಯಾಪಕರೆಲ್ಲ ಸೇರಿ ಚಿಂತಿಸಿದ್ದು ಪ್ರಯೋಗಶಾಲೆಯ ಬಗ್ಗೆಯಲ್ಲ, ಮೆಟ್ಟಿಲ ಬಗ್ಗೆ. ಅಧ್ಯಕ್ಷರನ್ನು ಪೊರಕೆ ಇಡುವ ಜಾಗದಲ್ಲಿ ಕೂರಿಸಿದ್ದಾರೆ ಎಂದು ಬಂದವರು ಬರೆದರೆ? ಉಪಾಯ ನನ್ನದು. ಅವರು ಸಮಿತಿಯನ್ನು ಕರೆತರಲು ನಿಲ್ದಾಣಕ್ಕೆ ಹೋದ ಬೆಳಿಗ್ಗೆ, ಗ್ರಂಥಾಲಯದ ಓದುವ ಕೋಣೆಯ ಮೇಜು ಕುರ್ಚಿಗಳನ್ನೆಲ್ಲ ಸೈಕಲ್ ನಿಲ್ಲಿಸುವ ಚಪ್ಪರಕ್ಕೆ ಸಾಗಿಸಿ, ಗ್ರಂಥಪಾಲಕರ ಮನೆಯ ಜಮಖಾನೆ ಹಾಸಿ, ಪರದೆ ಕಟ್ಟಿ, ಬಾಗಿಲಿಗೆ 'ಅಧ್ಯಕ್ಷರು' ಎಂಬ ಫಲಕ ತೂಗುಹಾಕಿದೆವು.

ಜವಾನ ಅರಮನೆಯ ದ್ವಾರಪಾಲಕನ ಗತ್ತಿನಲ್ಲಿ ಬಾಗಿಲು ತೆರೆದ. ಅಧ್ಯಕ್ಷರು ಫಲಕವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಸಮಿತಿಯ ಹಿರಿಯರು ಸುತ್ತ ಕಣ್ಣಾಡಿಸಿ, ಕಡತ ತೆರೆದು, "ಕೋಣೆ ಚೆನ್ನಾಗಿದೆ. ನಲವತ್ತು ಜನ ಕೂರೋ ಓದುವ ಕೋಣೆ ಅಂತ ಬರೆದಿದೀರಿ, ಅದೆಲ್ಲಿ?" ಎಂದರು.

ಓದಿಕೊಂಡವರು ಇಷ್ಟು ಮಂದಿ ಇದ್ದೆವು; ಇದೊಂದು ಯಾರ ತಲೆಗೂ ಹೊಳೆದಿರಲಿಲ್ಲ. ಪಕ್ಕದಲ್ಲಿದೆ, ಬಣ್ಣ ಹಚ್ಚುತ್ತಿದ್ದಾರೆ ಎಂಬ ಸುಳ್ಳೊಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅಧ್ಯಕ್ಷರೇ ಮಾತಾಡಿದರು.

"ನೀವು ನಿಂತಿರೋದೇ ಓದೋ ಕೋಣೇಲಿ, ಸಾರ್. ನನ್ನ ಜಾಗ ಮೆಟ್ಟಿಲ ಕೆಳಗೆ. ಅದನ್ನ ತೋರಿಸೋಕೆ ನಮ್ಮವರಿಗೆ ನಾಚಿಕೆ ಆಗಿದೆ, ಅಷ್ಟೇ. ಅರ್ಧ ಗಂಟೆ ಕೊಡಿ."

ಹಿರಿಯರು ಮುಖ ಗಂಟಿಕ್ಕಿ ಗಡಿಯಾರ ನೋಡಿದರು. ಜವಾನ ಗಂಟೆ ಹೊಡೆದ. ವರ್ಷ ವರ್ಷ ಮೇಜು ಸಾಗಿಸಿ ಪಳಗಿದ ಕಾಲೇಜದು. ಯಾರೂ ಹೇಳದೆ ಸಾಲು ನಿಂತಿತು, ಚಪ್ಪರದಿಂದ ಬಾಗಿಲವರೆಗೆ, ಕೈಯಿಂದ ಕೈಗೆ. ಅಧ್ಯಕ್ಷರು ಕೋಟು ಕಳಚಿ ನನ್ನ ಕೈಗಿತ್ತು, ಒಂದು ತುದಿ ಹಿಡಿದರು. ಇಪ್ಪತ್ತು ನಿಮಿಷದಲ್ಲಿ ನಲವತ್ತು ಕುರ್ಚಿ ಸ್ವಸ್ಥಾನ ಸೇರಿದ್ದವು. ಕೊನೆಯದನ್ನು ತಂದಿಟ್ಟವರು ಸಮಿತಿಯ ಕಿರಿಯ ಸದಸ್ಯರು, ಹೇಗೋ ಸಾಲಿನಲ್ಲಿ ಸಿಕ್ಕಿಕೊಂಡಿದ್ದರು.

ಸಂಜೆ ಅವರಿಗೆ ಕೋಟು ಹಿಂದಿರುಗಿಸುವಾಗ ಬೈಗುಳಕ್ಕೆ ಸಿದ್ಧಳಾಗಿದ್ದೆ. "ಮೇಡಂ, ನಿಮ್ಮ ತಕ್ಕಡಿ ಸರಿಯಾಗಿ ತೂಗ್ತಾ ಇದೆ ತಾನೇ?" ಎಂದರು.

"ತೂಗ್ತಾ ಇದೆ ಸಾರ್."

"ಮತ್ತೆ ನಾಚಿಕೆ ಯಾತಕ್ಕೆ?"

ತಿಂಗಳ ನಂತರ ಒಪ್ಪಿಗೆ ಬಂತು. ಇಪ್ಪತ್ತಾರು ಮಂದಿಯೂ ಪರೀಕ್ಷೆಗೆ ಕೂತರು. ಜೊತೆಗೊಂದು ಷರತ್ತು: ವರ್ಷದೊಳಗೆ ಅಧ್ಯಕ್ಷರಿಗೆ ಬಾಗಿಲುಳ್ಳ ಕೋಣೆ ಒದಗಿಸತಕ್ಕದ್ದು. ಅವರು ಟೇಪು ಹಿಡಿದು ಅಳೆದು, ಬಡಗಿಯನ್ನು ಕರೆಸಿ, ಮೆಟ್ಟಿಲ ಕೆಳಗಿನ ಆ ತ್ರಿಕೋನಕ್ಕೇ ಬಾಗಿಲೊಂದನ್ನು ಮಾಡಿಸಿದರು. ಮುಚ್ಚಿದರೆ ಮೊಣಕಾಲಿಗೆ ತಾಗುತ್ತಿತ್ತು. ಆದ್ದರಿಂದ ನಿವೃತ್ತರಾಗುವವರೆಗೂ ಅದು ತೆರೆದೇ ಇತ್ತು.

ಈಗ ಕಾಲೇಜಿಗೆ ನಾಲ್ಕು ಕಟ್ಟಡ, ಎರಡು ಸಾವಿರ ವಿದ್ಯಾರ್ಥಿಗಳು. ಅವರು ತೀರಿಕೊಂಡ ಮೇಲೆ ಭಾವಚಿತ್ರವನ್ನು ಅವರು ಕೂರುತ್ತಿದ್ದ ಕೋಣೆಯಲ್ಲಿ ಹಾಕಬೇಕೆಂದು ಹೊಸಬರು ನಿರ್ಣಯಿಸಿ, ಯಾವ ಕೋಣೆಯೆಂದು ಜವಾನನನ್ನು ಕೇಳಿದರಂತೆ. ಅವನೂ ಮುದುಕನಾಗಿದ್ದ. "ಯಾವುದ್ರಲ್ಲಿ ಹಾಕಿದ್ರೂ ಸರೀನೇ ಸ್ವಾಮಿ. ಒಂದ್ರಲ್ಲೇ ಹಾಕಿದ್ರೆ ಮಾತ್ರ ತಪ್ಪಾಗುತ್ತೆ" ಎಂದನಂತೆ. ಭಾವಚಿತ್ರ ಇನ್ನೂ ಕಪಾಟಿನಲ್ಲಿದೆ.

ಸಂಸ್ಥೆ ಕಟ್ಟಿ ಅದರ ನೆತ್ತಿಯ ಮೇಲೆ ಕೂರುವವರನ್ನು ನಾನು ಸಾಕಷ್ಟು ನೋಡಿದ್ದೇನೆ. ಅವರಿಗೆ ಕೋಣೆಗಳೂ ಇರುತ್ತವೆ, ಭಾವಚಿತ್ರಗಳೂ ಇರುತ್ತವೆ. ಇವರಂಥವರು ವಿರಳ. ಅವರು ಬಟ್ಟೆಯೊಳಗಿನ ಮಡಿಕೆಯಂತೆ ಇದ್ದು, ಮೈ ಬೆಳೆದಂತೆ ಬಿಚ್ಚಿಕೊಳ್ಳುತ್ತ, ಕೊನೆಗೆ ಬಟ್ಟೆಯೇ ಆಗಿಬಿಡುತ್ತಾರೆ. ಮಡಿಕೆಯಿದ್ದ ಕಡೆ ತೆಳುವಾದ ಒಂದು ಗೆರೆ ಉಳಿಯುತ್ತದೆ. ತೊಟ್ಟವರಿಗೆ ಅದು ಕಾಣುವುದಿಲ್ಲ. ಮಡಿಕೆ ಬಿಚ್ಚಿದ ಕೈಗೆ ಮಾತ್ರ ಗೊತ್ತಿರುತ್ತದೆ.