ಹುಳು ಹಣ್ಣಾದ ಭಾನುವಾರ

ಗೆಲ್ಲಬೇಕೆಂಬ ಆಸೆ ನನಗೆ ಯಾವತ್ತೂ ಇರಲಿಲ್ಲ. ಒಂದೇ ಒಂದು ರೇಸನ್ನು ಕೊನೆಯವರೆಗೂ ಓಡಿಸಿ ಮುಗಿಸಬೇಕು, ಅಷ್ಟೇ. ಅದಕ್ಕೂ ಪುಣ್ಯ ಮಾಡಿರಬೇಕು ಅಂತ ಕಾಣುತ್ತದೆ.

ನಮ್ಮ ರೇಸಿನ ನಿಯಮ ಹೀಗಿದೆ. ಒಟ್ಟು ಆರು ಸುತ್ತು. ಎಲ್ಲರಿಗಿಂತ ಮುಂದಿರುವವನು ಒಂದು ಸುತ್ತು ಹೆಚ್ಚಿಗೆ ಹೊಡೆದು, ಹಿಂದಿನಿಂದ ಬಂದು ನಿಮ್ಮನ್ನು ದಾಟಿದನೋ, ನೀವು ಅಲ್ಲೇ ಇಳಿದು ಪಕ್ಕಕ್ಕೆ ನಿಲ್ಲಬೇಕು. ನಿಮ್ಮನ್ನು ದಾಟುವುದಕ್ಕೆ ಮೊದಲೇ ಅವನ ಆರು ಸುತ್ತು ಮುಗಿದು ಹೋದರೆ ಮಾತ್ರ ನೀವು ಬಚಾವು, ಉಳಿದ ಸುತ್ತನ್ನು ನಿಮ್ಮ ಪಾಡಿಗೆ ನೀವು ಮುಗಿಸಿಕೊಳ್ಳಬಹುದು. ರಾಮನಗರದ ಬಂಡೆಗಳ ಕೆಳಗೆ, ಚನ್ನಪಟ್ಟಣದ ಕೆರೆಯಂಗಳದಲ್ಲಿ, ಮಾಗಡಿ ಕಡೆ ತಿಪ್ಪಸಂದ್ರದ ಹೊಲದಲ್ಲಿ, ಮೂರು ಕಡೆಯೂ ನನ್ನನ್ನು ಇಳಿಸಿದವನು ಒಬ್ಬನೇ, ದೇವರಾಜ. ಚನ್ನಪಟ್ಟಣದಲ್ಲಿ ಬೇಕರಿ ಇಟ್ಟಿರುವ ಈ ಪುಣ್ಯಾತ್ಮ ಬೆನ್ನ ಹಿಂದೆ ಬಂದು "ಲತಕ್ಕಾ, ಸೈಡು!" ಎಂದು ಕೂಗಿದರೆ ನನಗೆ ಮೈಯೆಲ್ಲ ಉರಿದುಹೋಗುತ್ತದೆ. ಕಳೆದ ಸಲ ನನ್ನ ಸೈಕಲ್ ಭಾರ ಜಾಸ್ತಿ ಎಂದು ನಾನು ಹೇಳಿದ್ದಕ್ಕೆ, "ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ" ಎಂದು ಎಲ್ಲರ ಮುಂದೆ ನಗಾಡಿದ. ಅವತ್ತು ಅವನ ಬೇಕರಿಯ ಬೆಣ್ಣೆ ಬಿಸ್ಕತ್ತನ್ನು ನಾನು ಮುಟ್ಟಲಿಲ್ಲ.

ಭಾರ ಇರುವುದಂತೂ ನಿಜ. ಅದು ನನ್ನ ಮಗಳಿಗೆ ಹೈಸ್ಕೂಲಿನಲ್ಲಿ ಸರ್ಕಾರ ಕೊಟ್ಟ ಸೈಕಲ್ಲು. ಈ ರೇಸಿನಲ್ಲಿ ಸೈಕಲ್ ತುಳಿದರೆ ಮುಗಿಯಲಿಲ್ಲ. ಸೈಕ್ಲೋಕ್ರಾಸ್ ಅಂತ ಹೆಸರು. ಹೊಲ, ಮರಳು, ಕೆಸರು, ದಿಬ್ಬ, ಎಲ್ಲ ಕಡೆ ಹೋಗಬೇಕು, ತುಳಿಯಲಾಗದ ಕಡೆ ಇಳಿದು ಸೈಕಲ್ಲನ್ನು ಹೆಗಲಿಗೇರಿಸಿ ಓಡಬೇಕು. ಮೊಬೈಲಿನಲ್ಲಿ ನೋಡಿ ಇದನ್ನು ನಮ್ಮ ಕಡೆಗೆ ತಂದವಳು ನೂರೀನ್. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಕಾರ್ಖಾನೆ ನಡೆಸುತ್ತಾಳೆ. ಗೂಡಿನ ಮಾರುಕಟ್ಟೆಯಲ್ಲಿ ನಾವು ಬೆಳೆದ ರೇಷ್ಮೆಗೂಡು ಕೊಳ್ಳುತ್ತಾ ಕೊಳ್ಳುತ್ತಾ ಗೆಳತಿಯಾದಳು. ನಲವತ್ತು ದಾಟಿದ ಹೆಂಗಸನ್ನು ಸೈಕಲ್ ಹತ್ತಿಸಿದ ಪಾಪ ಅವಳದು. ಹತ್ತಿದ ಮೇಲೆ ಇಳಿಯಲು ಮನಸ್ಸಾಗದಿದ್ದುದು ನನ್ನದು.

ನನ್ನತ್ತೆ ಮಾಯಮ್ಮನಿಗೆ ಈ ಆಟ ಕಂಡರೆ ನಗು. "ಮನ್ಸ ಸೈಕಲ್ ಮ್ಯಾಲೆ ಕುಂತ್ಕಳದ ಕಂಡಿದ್ದೆ. ಸೈಕಲ್ಲು ಮನ್ಸನ್ ಮ್ಯಾಲೆ ಕುಂತ್ಕಳದ ಈಗ್ ಕಂಡೆ ಕಣಮ್ಮಿ" ಎನ್ನುತ್ತಿದ್ದರು.

ಈ ಸಲ ರೇಸು ನಮ್ಮ ಹೊಲದಲ್ಲೇ ಎಂದು ತೀರ್ಮಾನವಾಯಿತು. ನಮ್ಮದು ಕನಕಪುರ ತಾಲ್ಲೂಕಿನ ದೊಡ್ಡಆಲಹಳ್ಳಿ ಪಕ್ಕ. ಹುಳದ ಮನೆಯ ಮುಂದಿನಿಂದ ಹೊರಟು, ಹಿಪ್ಪುನೇರಳೆ ತೋಟ ಸುತ್ತಿ, ಅಡ್ಡ ಹಾಕಿದ ಎರಡು ತೆಂಗಿನ ದಿಮ್ಮಿ ದಾಟಿ, ಒಣಗಿದ ಕಟ್ಟೆಯೊಳಗೆ ಇಳಿದು, ಅದರ ಮಣ್ಣಿನ ಏರಿ ಹತ್ತಿ, ಮತ್ತೆ ಹುಳದ ಮನೆಯ ಮುಂದಕ್ಕೆ ಬರಬೇಕು. ಏರಿಯ ಮೇಲೆ ಮೆಟ್ಟಿಲು ಕಡಿದವಳು ನಾನೇ. ನನ್ನ ನೆಲದಲ್ಲಿ, ನಾನು ಕಡಿದ ಮೆಟ್ಟಿಲ ಮೇಲೆ, ಈ ಸಲವಾದರೂ ದೇವರಾಜನಿಗೆ ದಾರಿ ಬಿಡಬಾರದು ಎಂದು ಹಟ ತೊಟ್ಟಿದ್ದೆ.

ತೊಡಕಿದ್ದದ್ದು ಹುಳದ ಲೆಕ್ಕದಲ್ಲಿ. ಮೊಟ್ಟೆಯೊಡೆಸಿ ಸಾಕುವ ಚಾಕಿ ಕೇಂದ್ರದವರು ಮರಿಹುಳು ಕಳಿಸುವುದನ್ನು ನಾಲ್ಕು ದಿನ ಮುಂದಕ್ಕೆ ಹಾಕಿಸೋಣ ಎಂದು ಅತ್ತೆಯನ್ನು ಮೊದಲೇ ಕೇಳಿದ್ದೆ. "ಸೈಕಲ್‌ಗೋಸ್ಕರ ಹುಳ ನಿಲ್ಸಕಾಯ್ತದಾ?" ಎಂದು ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸಿದರು. ಅವರು ಯಾರಿಗೋಸ್ಕರವೂ ಬೆಳೆ ಮುಂದೆ ಹಾಕಿದವರಲ್ಲ. ನನ್ನ ಮದುವೆಯ ಮುಹೂರ್ತವನ್ನೇ ಹುಳದ ಜ್ವರ, ಅಂದರೆ ಅವು ಸೊಪ್ಪು ಬಿಟ್ಟು ಪೊರೆ ಕಳಚುವ ದಿನ, ನೋಡಿ ಇಡಿಸಿದವರು. ಇರಲಿ, ಭಾನುವಾರ ರೇಸು, ಹುಳು ಹಣ್ಣಾಗಿ ಗೂಡು ಕಟ್ಟಲು ಹೊರಡುವುದು ಮಂಗಳವಾರ, ಮಧ್ಯೆ ಜಾಗ ಇದೆ ಎಂದು ಸುಮ್ಮನಾದೆ.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಎರಡು ದಿನ ಬಿಸಿಲು ಕಾಯಿತು ನೋಡಿ, ಭಾನುವಾರ ಬೆಳಗ್ಗೆ ನಾನು ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದಾಗ ಹುಳದ ಮನೆಯಿಂದ ಅತ್ತೆಯ ದನಿ ಕೇಳಿತು.

"ಲತಾಮಣೀ! ಹುಳ ಹಣ್ಣಾಗ್ಬುಟ್ಟವೆ ಕಣೆ, ಬಾ ಬಿರ್ರನೆ!"

ಒಳಗೆ ಹೋಗಿ ನೋಡಿದರೆ ಸೊಪ್ಪು ಹಾಕಿದಂತೆಯೇ ಬಿದ್ದಿತ್ತು. ಹುಳುಗಳು ತಿನ್ನುವುದು ಬಿಟ್ಟು, ಮೈ ಬಂಗಾರದ ಬಣ್ಣಕ್ಕೆ ತಿರುಗಿ, ತಲೆಯೆತ್ತಿ ಜಾಗ ಹುಡುಕುತ್ತಿದ್ದವು. ಈ ಹೊತ್ತಿಗೆ ಒಂದೊಂದನ್ನೂ ಆಯ್ದು ಚಂದ್ರಿಕೆಗೆ, ಅಂದರೆ ಬಿದಿರಿನ ಸುರುಳಿ ಹೆಣೆದ ದೊಡ್ಡ ತಟ್ಟೆಗೆ, ಬಿಡಬೇಕು. ತಡವಾದರೆ ಸೊಪ್ಪಿನ ಕಡ್ಡಿ ಮಧ್ಯದಲ್ಲೇ ನೂಲು ಬಿಟ್ಟು ಗೂಡು ಕೆಟ್ಟುಹೋಗುತ್ತದೆ. ತಿಂಗಳ ದುಡಿಮೆ ಒಂದು ದಿನದಲ್ಲಿ ಹಾಳು. ನನ್ನ ಗಂಡ ನಟರಾಜು ಬಸ್ಸಿನ ಕಂಡಕ್ಟರು, ಮೈಸೂರು ಡ್ಯೂಟಿಗೆ ಹೋಗಿದ್ದರು. ಮಗಳು ಕಾಲೇಜಿನ ಹಾಸ್ಟೆಲಿನಲ್ಲಿದ್ದಳು. ಹುಳು ಆಯಲು ಬರುವ ಹೆಂಗಸರೆಲ್ಲ ಕನಕಪುರದ ಛತ್ರದಲ್ಲಿ ಮದುವೆಗೆ ಹೋಗಿದ್ದರು. ಇದ್ದವರು ನಾನು ಮತ್ತು ಅತ್ತೆ, ಇಬ್ಬರೇ.

ಸರಿಯಾಗಿ ಆಗಲೇ ಗೆಳೆಯರು ಬಂದಿಳಿದರು. ದೇವರಾಜ, ನೂರೀನ್, ಅವಳ ತಮ್ಮ ವಾಸಿಂ, ಇನ್ನೂ ನಾಲ್ಕೈದು ಜನ, ಸೀಟಿ ಊದಿ ಸುತ್ತು ಎಣಿಸುವ ಪ್ರಕಾಶ್ ಮೇಷ್ಟ್ರು. ಬಣ್ಣಬಣ್ಣದ ಬನಿಯನ್ನು, ಹೆಲ್ಮೆಟ್ಟು, ನಗು. ಆ ನಗು ನೋಡಿ ನನಗೆ ಸಿಟ್ಟು ನೆತ್ತಿಗೇರಿತು. ಅವರ ತಪ್ಪೇನೂ ಇರಲಿಲ್ಲ.

"ರೇಸೂ ಇಲ್ಲ ಗೀಸೂ ಇಲ್ಲ. ಹುಳ ಹಣ್ಣಾಗವೆ. ಓಗ್ರಪ್ಪ ಎಲ್ರೂ ಮನೆಗೆ" ಎಂದೆ. ಅಷ್ಟು ಜನರ ಮುಂದೆ ಅಳಬಾರದೆಂದು ಬೆನ್ನು ತಿರುಗಿಸಿ ನಿಂತೆ.

ನೂರೀನ್ ಸೈಕಲ್ಲನ್ನು ಗೋಡೆಗೆ ಒರಗಿಸಿದಳು. "ಅಕ್ಕಾ, ನಾವಿಷ್ಟು ಜನ ಇದೀವಲ್ಲ. ಆಯೋದು ಹೆಂಗೆ ಅಂತ ತೋರಿಸ್ರಿ. ರೇಸು ಸಾಯಂಕಾಲ ಆದ್ರೆ ಏನಂತೆ?"

ಉತ್ತರ ನಾನು ಕೊಡುವಂಥದ್ದಲ್ಲ. ಕೊಡಬೇಕಾದವರು ಬಾಗಿಲಲ್ಲಿ ನಿಂತಿದ್ದರು. ಹುಳದ ಮನೆಗೆ ಹೊರಗಿನವರ ಕಾಲು ಸೋಕಬಾರದು, ರೋಗ ಬರುತ್ತದೆ, ಕಣ್ಣಾಗುತ್ತದೆ ಎಂಬುದು ಅತ್ತೆಯ ಕಾನೂನು. ಸ್ವಂತ ಅಳಿಯನನ್ನೇ ಹೊಸ್ತಿಲಾಚೆ ನಿಲ್ಲಿಸಿ ಮಾತಾಡಿಸಿದವರು ಅವರು. ಈಗ ಒಮ್ಮೆ ಒಳಗೆ ತಲೆಯೆತ್ತಿಕೊಂಡಿದ್ದ ಹುಳುಗಳನ್ನು ನೋಡಿದರು, ಒಮ್ಮೆ ಹೊರಗಿದ್ದ ಗುಂಪನ್ನು ನೋಡಿದರು. ಕೊನೆಗೆ ನನ್ನ ಮುಖ ನೋಡಿದರು. ಏನು ಕಂಡಿತೋ ಕಾಣೆ.

"ಕೈಕಾಲು ಮಖ ತೊಳ್ಕಂಡು ಬರೋರು ಬರ್ಲಿ" ಎಂದರು. ಆಮೇಲೆ ಮೂಗು ಅರಳಿಸಿ ದೇವರಾಜನ ಹತ್ತಿರ ಹೋದರು. "ಲೇ ಬೇಕರಿ ಹೈದ, ಏನ್ಲಾ ಇದು ಗಮಲು?"

"ಮಂಡಿಗೆ ಹಚ್ಚೋ ನೋವಿನ್ ಮುಲಾಮು ಅಜ್ಜಿ. ರೇಸ್‌ಗೆ ಮುಂಚೆ ಹಚ್ಕಳ್ದಿದ್ರೆ ನನ್ ಮಂಡಿ ಬಗ್ಗಾದೇ ಇಲ್ಲ."

"ಈ ಗಮಲಿಗೆ ನನ್ನ ಹುಳ ಗೂಡು ಕಟ್ಟಾವೇನ್ಲಾ? ನಡಿ ಬೋರ್‌ವೆಲ್ ಪೈಪಿನ್ ಕೆಳಿಕ್ಕೆ!"

ದೇವರಾಜನನ್ನು ಪೈಪಿನ ಕೆಳಗೆ ಕೂರಿಸಿ, ಬಟ್ಟೆ ಸೋಪು ಕೊಟ್ಟು ಎರಡೆರಡು ಸಲ ಮಂಡಿ ಉಜ್ಜಿಸಿದರು. ಮುಲಾಮಿನ ಟ್ಯೂಬನ್ನು ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡರು. ನಾನು ಅಷ್ಟು ದುಃಖದಲ್ಲೂ ಸೆರಗು ಬಾಯಿಗಿಟ್ಟು ನಕ್ಕೆ.

ಆಮೇಲೆ ನಡೆದದ್ದು ಕೆಲಸ. ಬಗ್ಗಿ ಆಯುವುದು, ಬುಟ್ಟಿಗೆ ಹಾಕುವುದು, ಚಂದ್ರಿಕೆಗೆ ಬಿಡುವುದು, ಮತ್ತೆ ಬಗ್ಗುವುದು. ಪ್ರಕಾಶ್ ಮೇಷ್ಟ್ರು ಮೊದಲ ಹುಳ ಬೆರಳಿಗೆ ಹತ್ತಿದಾಗ ಶಾಲೆಯ ಮಕ್ಕಳಿಗಿಂತ ಜೋರಾಗಿ ಕಿರುಚಿದರು. ನೂರೀನ್ ಮಾತ್ರ ಒಂದು ಹಣ್ಣು ಹುಳವನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಾ ನಿಂತುಬಿಟ್ಟಿದ್ದಳು. "ಹುಟ್ಟಿದಾಗ್ನಿಂದ ಗೂಡು ಬೇಯಿಸ್ತಿದೀನಿ ಅಕ್ಕ. ಜೀವ ಇರೋದನ್ನ ಮುಟ್ಟಿದ್ದು ಇವತ್ತೇ" ಎಂದಳು. ಅತ್ತೆ ಅವಳ ಕೈಯನ್ನು ಹಿಡಿದು ಚಂದ್ರಿಕೆಯ ಕಡೆ ತಿರುಗಿಸಿದರು. "ಮೆತ್ತಗ್ ಬುಡವ್ವ, ಅದ್ಕೂ ಅವಸ್ರ ಐತೆ" ಎಂದರು. ಮಧ್ಯಾಹ್ನ ಅವರೇ ಎಲ್ಲರಿಗೂ ಮುದ್ದೆ, ಅವರೆಕಾಳಿನ ಸಾರು ಬಡಿಸಿದರು. ಮೂರೂವರೆ ಹೊತ್ತಿಗೆ ಕೊನೆಯ ಚಂದ್ರಿಕೆಯನ್ನೂ ಬಾಗಿಲ ಪಕ್ಕ ಒರಗಿಸಿ ಎಲ್ಲರೂ ಹೊರಗೆ ಬಂದರು, ಸೊಂಟ ಹಿಡಿದುಕೊಂಡು.

"ಅಜ್ಜಿ, ನನ್ನ ಮುಲಾಮು" ಎಂದು ದೇವರಾಜ ಕೈ ಚಾಚಿದ.

"ಹುಳ ಇನ್ನೂ ಬಾಗ್ಲಗೇ ಅವೆ. ಊರಿಗ್ ಓಗುವಾಗ ಈಸ್ಕೊ" ಎಂದರು ಅತ್ತೆ.

ಪ್ರಕಾಶ್ ಮೇಷ್ಟ್ರು ಸೀಟಿ ಊದಿದರು. ದೇವರಾಜ ಎಂದಿನಂತೆ ಬಾಣದ ಹಾಗೆ ಹೊರಟ. ನಾನು ಎಂದಿನಂತೆ ಕೊನೆ. ಆದರೆ ಎರಡನೇ ಸುತ್ತಿಗೇ ಒಂದು ವಿಷಯ ಗೊತ್ತಾಯಿತು. ದಿಮ್ಮಿಗಳ ಹತ್ತಿರ ಇಳಿಯುವಾಗ, ಬಗ್ಗಿ ಸೈಕಲ್ ಎತ್ತುವಾಗ, ಮುಂದೆ ಹೋಗುತ್ತಿದ್ದವರೆಲ್ಲ "ಅಯ್ಯಪ್ಪಾ" ಎನ್ನುತ್ತಿದ್ದರು. ಇಡೀ ದಿನ ಬಗ್ಗಿದ ಸೊಂಟ ಅವರದು. ನನಗಾದರೋ ಅದು ದಿನಾ ಇದ್ದದ್ದೇ. ನನ್ನ ಕಷ್ಟವೇನಿದ್ದರೂ ಏರಿಯ ಹತ್ತಿರ. ಮೊಬೈಲಿನಲ್ಲಿ ನೋಡಿದಂತೆ ಆ ಭಾರದ ಸೈಕಲ್ಲನ್ನು ಹೆಗಲಿಗೆ ತೂಗುಹಾಕಿದರೆ ಕಬ್ಬಿಣ ಮೂಳೆಗೆ ಒತ್ತಿ ಪ್ರಾಣ ಹೋದಂತಾಗುತ್ತಿತ್ತು. ಒಂದೊಂದು ಸುತ್ತಿಗೂ ಅಲ್ಲೇ ಹಿಂದೆ ಬೀಳುತ್ತಿದ್ದೆ.

ನನ್ನ ಐದನೇ ಸುತ್ತು ನಡೆದಿತ್ತು. ತೋಟದ ಮೂಲೆ ತಿರುಗುವಾಗ ಹಿಂದಿರುಗಿ ನೋಡಿದರೆ ದೇವರಾಜ ಬರುತ್ತಿದ್ದ. ಅವನದು ಆರನೆಯದು, ಕಡೆಯ ಸುತ್ತು. ಹುಳದ ಮನೆ ಮುಂದಿನ ಗೆರೆ ಮುಟ್ಟುವ ಮೊದಲು ಅವನು ನನ್ನನ್ನು ದಾಟಿದರೆ ನಾನು ಇಳಿಯಬೇಕು. ನಾನೇ ಮೊದಲು ಮುಟ್ಟಿದರೆ ಒಂದು ಸುತ್ತು ನನಗೆ ಉಳಿಯುತ್ತದೆ. ದಿಮ್ಮಿ ದಾಟಿದೆ. ಕಟ್ಟೆಯೊಳಗೆ ಇಳಿದೆ. ಅವನ ಸೈಕಲ್ಲಿನ ಸರಪಳಿ ಸದ್ದು ಹತ್ತಿರಾಯಿತು. ಏರಿಯ ಬುಡದಲ್ಲಿ ಇಳಿಯುವಷ್ಟರಲ್ಲಿ "ಲತಕ್ಕಾ, ಸೈಡು!" ಕೇಳಿಯೇಬಿಟ್ಟಿತು.

ಹೆಗಲಿಗೆ ಎತ್ತಿದೆ. ಒತ್ತಿತು. ಕೆಳಗಿಟ್ಟೆ. ಮುಗಿಯಿತು ಅಂದುಕೊಂಡೆ.

"ಹೆಗಲ್ ಮ್ಯಾಲೆ ಯಾಕೆ ಹೊತ್ಕತೀಯೇ?" ಏರಿಯ ಮೇಲೆ ಅತ್ತೆ ನಿಂತಿದ್ದರು, ಸೊಂಟದಲ್ಲಿ ಮುಲಾಮಿನ ಟ್ಯೂಬು. "ಸೊಪ್ಪು ಹೊರೋಳು ಯಾವತ್ತಾದ್ರೂ ಹೆಗಲ್ ಮ್ಯಾಲೆ ಹೊತ್ತಿದೀಯಾ? ತಲೆ ಮ್ಯಾಲೆ ಅಷ್ಟ್ ದಪ್ಪ ಟೋಪಿ ಇಕ್ಕಂಡಿದೀಯಲ್ಲ, ಅದ್ರ ಮ್ಯಾಲೆ ಇಕ್ಕಳೇ!"

ಹೌದಲ್ಲ! ಸೊಪ್ಪಿನ ಹೊರೆ ಹೊತ್ತು ದಿನಾ ಹತ್ತುವುದು ಇದೇ ಏರಿಯನ್ನು. ಸೈಕಲ್ಲನ್ನು ಅಡ್ಡಡ್ಡ ಮಲಗಿಸಿ ಎತ್ತಿ ತಲೆಯ ಮೇಲಿಟ್ಟೆ. ಹೆಲ್ಮೆಟ್ಟಿನ ಸಂದಿಗೆ ಕಂಬಿ ಕೂತಿತು, ಸಿಂಬೆಯ ಮೇಲೆ ಕೊಡ ಕೂತ ಹಾಗೆ. ಒಂದು ಕೈ ಹ್ಯಾಂಡಲ್ಲಿಗೆ, ಒಂದು ಕೈ ಸೀಟಿಗೆ. ಕುತ್ತಿಗೆ ನೆಟ್ಟಗಾಯಿತು, ಉಸಿರು ಸಲೀಸಾಯಿತು, ಕಾಲಿಗೆ ಮೆಟ್ಟಿಲು ತಾನೇ ಸಿಕ್ಕಿತು. ಹಿಂದೆ ದೇವರಾಜ ಒಂದು ಮೆಟ್ಟಿಲಿಗೆ ಒಂದು "ಅಮ್ಮಾ" ಅನ್ನುತ್ತಾ ಬರುತ್ತಿದ್ದ. ಮೇಲೆ ತಲುಪಿ, ಸೈಕಲ್ ಇಳಿಸಿ, ಹತ್ತಿ, ಇಳಿಜಾರಿಗೆ ಬಿಟ್ಟುಬಿಟ್ಟೆ. ಪ್ರಕಾಶ್ ಮೇಷ್ಟ್ರ ಸೀಟಿ ಕೇಳಿದಾಗ ನನ್ನ ಮುಂದಿನ ಚಕ್ರ ಗೆರೆ ದಾಟಿತ್ತು. ಅವನದು ಅದರ ಬೆನ್ನಿಗೇ ದಾಟಿತು.

ದೇವರಾಜ ಗೆದ್ದ. ಗೆದ್ದವನು ಹುಲ್ಲಿನ ಮೇಲೆ ಅಂಗಾತ ಬಿದ್ದು, "ಏನ್ ಮೆಟ್ಲು ಕಡ್ದಿದೀಯಕ್ಕ, ಒಂದೊಂದೂ ಒಂದೊಂದ್ ಅಳತೆ" ಎಂದು ಗೊಣಗಿದ.

"ಕುಣೀಲಾರ್ದೋನು ನೆಲ ಡೊಂಕು ಅಂದ್ನಂತೆ" ಎಂದು ಕೂಗಿ, ನಿಲ್ಲಿಸದೆ ಹೊರಟೆ.

ಆ ಕೊನೆಯ ಸುತ್ತಿನಲ್ಲಿ ನಾನೊಬ್ಬಳೇ. ನನ್ನನ್ನು ಇಳಿಸುವವರು ಯಾರೂ ಉಳಿದಿರಲಿಲ್ಲ. ಸಂಜೆ ಬಿಸಿಲು ತೋಟದ ಮೇಲೆ ಬಿದ್ದಿತ್ತು. ಮದುವೆ ಮುಗಿಸಿಕೊಂಡು ಟೆಂಪೋದಲ್ಲಿ ಬರುತ್ತಿದ್ದ ನಮ್ಮೂರ ಹೆಂಗಸರು ನನ್ನನ್ನು ಕಂಡು ಕೇಕೆ ಹಾಕಿದರು. ನನಗೆ ಅಳು ಬಂತು, ಈ ಸಲ ತಡೆಯಲಿಲ್ಲ. ಖುಷಿಯಾಗಿತ್ತು, ಬಹಳ ಖುಷಿಯಾಗಿತ್ತು. ಏರಿಯ ಬುಡದಲ್ಲಿ ಸೈಕಲ್ಲನ್ನು ತಲೆಗಿಟ್ಟುಕೊಂಡು ನಿಧಾನವಾಗಿ, ಮಾತಾಡಿಕೊಂಡು ಹೋಗುವವಳಂತೆ ಹತ್ತಿದೆ.

ಗೆರೆಯ ಹತ್ತಿರ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನೂರೀನ್ ಓಡಿ ಬಂದು ತಬ್ಬಿಕೊಂಡಳು. ದೇವರಾಜ ಕುಂಟುತ್ತಾ ಬಂದು ಬೆಣ್ಣೆ ಬಿಸ್ಕತ್ತಿನ ಪೊಟ್ಟಣವನ್ನು ಇಡಿಯಾಗಿ ನನ್ನ ಕೈಗಿಟ್ಟ. ಆದರೆ ನಾನು ಹುಡುಕುತ್ತಿದ್ದ ಮುಖ ಅಲ್ಲಿರಲಿಲ್ಲ. ಕೊನೆಯ ಸುತ್ತು ನೋಡಲು ಅತ್ತೆ ನಿಲ್ಲಲೇ ಇಲ್ಲವಲ್ಲ ಎಂದು ಮನಸ್ಸಿಗೆ ಒಸಿ ಚುಚ್ಚಿತು.

ಕೈಕಾಲು ತೊಳೆದುಕೊಂಡು ಹುಳದ ಮನೆಗೆ ಹೋದೆ. ಅತ್ತೆ ಚಂದ್ರಿಕೆಯೊಂದರ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದರು. ಹುಳುಗಳು ತಲೆಯಾಡಿಸುತ್ತಾ ನೂಲು ಬಿಡಲು ಶುರು ಮಾಡಿದ್ದವು. ಅವರ ಕೈಯಲ್ಲಿ ನನ್ನ ಮೊಬೈಲಿತ್ತು.

"ಮುಗುಸ್ದಾ?" ಎಂದರು, ತಿರುಗದೆ.

"ಮುಗಿಸ್ದೆ ಅತ್ತೆ. ಕಡೇಲಿ ಬಂದೆ."

"ಬಂದ್ಯಲ್ಲ. ಮುಂದಿನ್ ರೇಸು ಯಾವತ್ತಂತೆ?"

"ಯುಗಾದಿ ಕಳ್ದು ಮೊದಲ್ನೇ ಭಾನ್ವಾರ. ರಾಮನಗರದಾಗೆ."

ಅತ್ತೆ ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. ಮೂರನೇ ಜ್ವರ, ನಾಲ್ಕನೇ ಜ್ವರ ಎಂದು ತುಟಿ ಅಲ್ಲಾಡಿತು. ಆಮೇಲೆ ಮೊಬೈಲನ್ನು ನನ್ನ ಕಡೆ ಚಾಚಿದರು.

"ಚಾಕಿಯೋರಿಗೆ ಪೋನ್ ಹಚ್ಚು. ಮುಂದ್ಲ ಬೆಳೆ ಹುಳಾವ ನಾಕ್ ದಿನ ತಡ್ದು ಕಳ್ಸಿ ಅನ್ನು."